ಸಮುದ್ರಕ್ಕೆ ಬೆನ್ನು ಮಾಡಿದ ಕಟ್ಟೆ

ಶಹಾಪುರದಿಂದ ಗೋವಾ ಕಡೆಗೆ ಹೋಗುವ ಬಸ್ಸಿನ ಡಿಕ್ಕಿ ತೆಗೆದು ನೋಡಿದರೆ ನಮ್ಮ ಜಿಲ್ಲೆಯ ಅರ್ಧ ಕಥೆ ಅಲ್ಲೇ ಇರುತ್ತದೆ. ಜೋಳದ ಹಿಟ್ಟಿನ ಚೀಲ, ಖಾರದ ಪುಡಿಯ ಡಬ್ಬಿ, ಸುತ್ತಿಟ್ಟ ಕೌದಿ, ಗೋಣಿಚೀಲದಲ್ಲಿ ಬಿಗಿದ ಕರಣಿ, ಸುತ್ತಿಗೆ, ಉಳಿ. ಆ ಚೀಲಗಳ ಒಡೆಯರಾದ ಎಳೆಯ ಗೌಂಡಿಗಳು ಬಸ್ಸು ಹತ್ತುವ ಮುಂಚೆ ನನ್ನನ್ನು ಕಂಡರೆ ಕೇಳುವುದು ಒಂದೇ ಮಾತು: "ಕಾಕಾ, ಅಲ್ಲಿ ಕೆಲಸ ಹ್ಯಾಂಗ್ರಿ?" ಕಂಡಕ್ಟರ್ ಸೀಟಿ ಊದುವಷ್ಟರಲ್ಲಿ ಇದಕ್ಕೆ ಏನು ಹೇಳುವುದು? "ಚಲೋ ಅದ, ಹೋಗಿ ಬರ್ರಿ" ಎಂದು ಕೈ ಬೀಸುತ್ತೇನೆ. ಮನೆಗೆ ಬಂದ ಮೇಲೆ ಹೇಳಬೇಕಾದದ್ದೆಲ್ಲ ಒಂದೊಂದಾಗಿ ನೆನಪಾಗುತ್ತದೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ನನ್ನ ಹೆಸರು ಸಾಯಬಣ್ಣ. ಗೋಡೆ ಕಟ್ಟುವುದು, ಕಲ್ಲು ಹಾಸುವುದು ನನ್ನ ಕಸುಬು. ಓದಿದ್ದು ಏಳನೆಯ ತರಗತಿ. ಬರವಣಿಗೆಯಲ್ಲಿ ಎಲ್ಲಾದರೂ ಸೊಟ್ಟ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ಗೋಡೆಯಾಗಿದ್ದರೆ ನಾನೇ ಕೆಡವಿ ಮತ್ತೆ ಕಟ್ಟುತ್ತಿದ್ದೆ. ನಾನು ಯಾವಾಗ ಗೌಂಡಿಯಾದೆ, ಯಾವಾಗ ಮೇಸ್ತ್ರಿಯಾದೆ ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದು ಬೇಕಾಗಿರುವುದು ನನ್ನ ಹೆಂಡತಿ ದೇವಮ್ಮನಿಗೆ ಮಾತ್ರ, ಅವಳಿಗೂ ಅಷ್ಟಕ್ಕಷ್ಟೇ.

ಕೆಲಸ ಕಲಿಸಿದವನು ನಮ್ಮಪ್ಪ. ಶಹಾಪುರ, ಸುರಪುರದ ಹಳೆಯ ಓಣಿಗಳಲ್ಲಿ ಅವನು ಕಟ್ಟಿದ ಕಟ್ಟೆಗಳು ಈಗಲೂ ಗಟ್ಟಿಯಾಗಿವೆ. ನಮ್ಮ ಕಡೆ ಮನೆ ಎಂದರೆ ಮೊದಲು ಕಟ್ಟೆ. ತಲೆಬಾಗಿಲ ಎರಡೂ ಬದಿಗೆ, ಗೋಡೆಗೆ ಬೆನ್ನು ಕೊಟ್ಟು, ಓಣಿಗೆ ಮುಖ ಮಾಡಿ. ಮನೆಯವರು ಕೂಡುತ್ತಾರೆ, ದಾರಿಯಲ್ಲಿ ಹೋಗುವವರು ಕೂಡುತ್ತಾರೆ, ನ್ಯಾಯ ಹೇಳುವವರು, ಕಾಯಿಪಲ್ಯ ಮಾರುವವರು, ಸುಮ್ಮನೆ ಬೇಸರವಾದವರು, ಎಲ್ಲರೂ ಕೂಡುತ್ತಾರೆ. ಎಲ್ಲರೂ ಎಂದೆ, ಅದು ಪೂರ್ತಿ ನಿಜವಲ್ಲ. ನಮ್ಮ ಜಾತಿಯವರು ಊರ ನಡುವಿನ ಮನೆಗಳ ಕಟ್ಟೆಯ ಮೇಲೆ ಕೂಡುವಂತಿರಲಿಲ್ಲ. ಅಪ್ಪ ಕಟ್ಟಿದ. ಕೂಡಲಿಲ್ಲ.

ಆದರೆ ಕಟ್ಟಿದ ಮೇಲೆ ಏಳು ದಿನ ಮನೆಯ ಯಜಮಾನನನ್ನೂ ಹತ್ತಿರ ಬಿಡುತ್ತಿರಲಿಲ್ಲ. ಒದ್ದೆ ಗೋಣಿಚೀಲ ಹೊದಿಸಿ, ಬೆಳಿಗ್ಗೆ ಸಂಜೆ ಕೊಡದಿಂದ ನೀರುಣಿಸಬೇಕು. ಗಾರೆ ಕಲ್ಲನ್ನು ಹಿಡಿಯುವ ತನಕ ಒಂದು ಬೆರಳೂ ಊರುವಂತಿಲ್ಲ. ಯಾರಾದರೂ ಮರೆತು ಕೂತರೆ ಅಪ್ಪ ದೊಡ್ಡವರು ಸಣ್ಣವರು ನೋಡದೆ ಗದರುತ್ತಿದ್ದ: "ಏಳ್ರಿ ಮ್ಯಾಲ, ಹಸಿ ಅದ." ಒಮ್ಮೆ ಕೊಡ ಇಳಿಸುತ್ತ ನನಗೆ ಹೇಳಿದ್ದ, "ಏಳು ದಿನ ಇದು ನಮ್ಮದು, ಸಾಯಬಣ್ಣ. ಆಮ್ಯಾಲ ಅವರದು." ಆಗ ಅದು ಗಾರೆಯ ವಿಷಯ ಎಂದುಕೊಂಡಿದ್ದೆ.

ಗೋವಾಕ್ಕೆ ಹೋದಾಗ ನನಗೂ ದೇವಮ್ಮನಿಗೂ ನಡುವಯಸ್ಸು. ಶಹಾಪುರ, ವಡಗೇರಾ, ಹತ್ತಿಕುಣಿಯ ಎಂಟು ಜನರ ನಮ್ಮ ಗ್ಯಾಂಗು. ಕೆಲಸ ಇದ್ದದ್ದು ಕಡಲಿಗೆ ತಾಗಿದ ಒಂದು ಗುಡ್ಡದ ಮೇಲಿನ ಕಾಲನಿಯಲ್ಲಿ. ಗುಡ್ಡದ ಹೊಟ್ಟೆ ಕೊರೆದು ಒಂದರ ತಲೆಯ ಮೇಲೊಂದರಂತೆ ಬಂಗಲೆಗಳು. ಮುಂದೆ ಕಣ್ಣು ಹಾಯುವಷ್ಟು ದೂರ ನೀರು. ಮೊದಲ ತಿಂಗಳು ನಾನು ಕೆಲಸ ಮಾಡಿದ್ದಕ್ಕಿಂತ ನೋಡಿದ್ದೇ ಹೆಚ್ಚು. ಗೋಡೆಯ ಬದಲು ನೆಲದಿಂದ ಮಾಳಿಗೆಯ ತನಕ ಗಾಜು. ಈಜುವ ಹೊಂಡದ ಒಂದು ಅಂಚೇ ಇಲ್ಲ. ನೀರು ಸಮುದ್ರಕ್ಕೆ ಸುರಿದುಹೋಗುತ್ತಿದೆಯೇನೋ ಎಂದು ಮೊದಲ ದಿನ ನಾನು ಇಣುಕಿ ನೋಡಿ ಕೆಳಗಿನ ಗಟಾರದಲ್ಲಿ ಅದನ್ನು ಹಿಡಿಯುವ ಉಪಾಯ ಕಂಡು ತಲೆದೂಗಿದೆ. ಹೊರಗೊಂದು ಅಡುಗೆಮನೆ, ಹೊರಗೊಂದು ಊಟದ ಮೇಜು, ಬೆವರು ಸುರಿಯುವ ಊರಿನಲ್ಲಿ ಬೆಂಕಿ ಕಾಯಿಸಿಕೊಳ್ಳಲು ಒಂದು ಕಲ್ಲಿನ ಗುಂಡಿ. ಒಳಗೆ ಅಷ್ಟು ಚಂದದ ಕೋಣೆಗಳಿದ್ದರೂ ಜನ ಇಡೀ ದಿನ ಹೊರಗೇ ಇರುತ್ತಿದ್ದರು. ನಮ್ಮಲ್ಲಿ ಒಳಗೆ ಜಾಗ ಸಾಲದೆ ಬೇಸಿಗೆಯಲ್ಲಿ ಮಾಳಿಗೆ ಹತ್ತಿ ಮಲಗುತ್ತೇವೆ. ಇವರಿಗೆ ಒಳಗೆ ಜಾಗ ಹೆಚ್ಚಾಗಿ ಹೊರಗೆ ಬಂದಿದ್ದಾರೋ ಏನೋ ಎಂದು ನಾವು ಮಾತಾಡಿಕೊಳ್ಳುತ್ತಿದ್ದೆವು.

ನಾನು ಅಲ್ಲಿ ಹಾಕಿದ ಮೊದಲ ಕಲ್ಲು ಒಂದು ಸ್ನಾನದ ಮನೆಯದು. ನಾಲ್ಕು ಗೋಡೆ, ಸಾಗುವಾನಿಯ ಬಾಗಿಲು, ಮೇಲೆ ಬರೀ ಆಕಾಶ. ಇಟ್ಟಿಗೆ ಹೊರುತ್ತಿದ್ದ ದೇವಮ್ಮ ನಿಂತು ಬಹಳ ಹೊತ್ತು ಮೇಲೆ ನೋಡಿದಳು.

"ಮಾಳಿಗಿ ಹಾಕೋದು ಮರತಾರೇನ್ರಿ?"

"ಮರತಿಲ್ಲ. ಹಿಂಗೇ ಬೇಕಂತ."

"ನಮ್ಮ ಬಚ್ಚಲಕ್ಕೂ ಮ್ಯಾಲ ಏನಿಲ್ಲ. ಹಂಗಾದ್ರ ನಾವು ಮೊದಲಿಂದ ಸಾಹುಕಾರರ ಅದೀವಿ ಅನ್ರಿ."

ಕೆಲಸ ಮಾಡಿಸುತ್ತಿದ್ದವರು ಒಬ್ಬ ಆರ್ಕಿಟೆಕ್ಟ್ ಮೇಡಂ. ಮೈಸೂರು ಕಡೆಯವರು, ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವರು. ನಾನು ಸುಮ್ಮನೆ "ನೀರು ಬಂದಿಲ್ಲ" ಎಂದರೂ ಜಗಳಕ್ಕೆ ಬಂದೆನೆಂದು ತಿಳಿದು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ನಮ್ಮ ಮಾತಿನ ಧಾಟಿಗೆ ಅವರ ಕಿವಿ ಒಗ್ಗಲು ಒಂದು ಮಳೆಗಾಲ ಬೇಕಾಯಿತು. ಆ ಮಳೆಗಾಲದಲ್ಲೇ ನನ್ನ ಮೊದಲ ತಪ್ಪೂ ಆಯಿತು. ಅಂಗಳಕ್ಕೆ ಕಲ್ಲು ಹಾಸುವಾಗ ನಮ್ಮ ಯಾದಗಿರಿಯ ಮಳೆಗೆ ಎಷ್ಟು ಇಳಿಜಾರು ಕೊಡುತ್ತೇವೋ ಅಷ್ಟೇ ಕೊಟ್ಟಿದ್ದೆ. ನಮ್ಮ ಮಳೆ ಬಂದುಹೋಗುವ ನೆಂಟ. ಅಲ್ಲಿನದು ಬಂದರೆ ಹೋಗುವುದಿಲ್ಲ. ಒಂದೇ ಬೆಳಗಿನಲ್ಲಿ ಅಂಗಳ ಕೆರೆಯಾಗಿ ಪಡಸಾಲೆಯೊಳಗೆ ನೀರು ನುಗ್ಗಿತು. ಮೇಡಂ ಪ್ಯಾಂಟು ಮಡಚಿಕೊಂಡು ನೀರಲ್ಲಿ ನಿಂತಿದ್ದರು. ಬೈಗುಳಕ್ಕೆ ತಯಾರಾಗಿ ನಾನೂ ಹೋಗಿ ನಿಂತೆ.

"ಸಾಯಬಣ್ಣ, ಇಲ್ಲೇ ಒಂದು ಗಂಟೆ ನಿಂತ್ಕೊಳ್ಳಿ. ನೀರು ಎಲ್ಲಿಗೆ ಹೋಗಕ್ಕೆ ಇಷ್ಟಪಡತ್ತೆ ಅಂತ ನೋಡಿ. ಅಳತೆ ಆಮೇಲೆ ಮಾಡೋಣ."

ನಿಂತೆ. ನೋಡಿದೆ. ಹೊಸಬರಿಗೆ ನಾನು ಹೇಳುವ ಮೊದಲ ಪಾಠ ಅದೇ. ಯಾವ ಊರಿಗೆ ಹೋದರೂ ಮೊದಲು ಒಂದು ಮಳೆ ನೋಡಿ. ನಿಮ್ಮೂರಿನ ಅಳತೆಯನ್ನು ಚೀಲದಲ್ಲಿ ಕಟ್ಟಿಕೊಂಡು ಹೋಗಬೇಡಿ. ಈ ಪಾಠ ಕಲಿತೆ ಎಂದು ನಾನು ಬೀಗುತ್ತಿದ್ದಾಗಲೇ ಎರಡನೆಯ ತಪ್ಪು ಮಾಡಿದೆ. ಅದು ಇದಕ್ಕಿಂತ ದೊಡ್ಡದು.

ಹೈದರಾಬಾದಿನ ಒಬ್ಬ ದೊಡ್ಡ ವ್ಯಾಪಾರಿಯ ಬಂಗಲೆ. ಗುಡ್ಡದ ಇಳಿಜಾರಿನಲ್ಲಿ ಮೇಲ್ಗಡೆ ಕಾಲನಿಯ ರಸ್ತೆ, ರಸ್ತೆಗೆ ಕಾಂಪೌಂಡ್ ಗೋಡೆ, ಗೋಡೆಯ ಒಳಗೆ ಹುಲ್ಲು, ಹೊಂಡ, ಆಚೆಗೆ ಸಮುದ್ರ. ಮೇಡಂ ಒಂದು ದಿನ ನನ್ನ ಫೋನಿನಲ್ಲಿ ನಮ್ಮ ಓಣಿಯ ಫೋಟೋ ನೋಡಿ, ಕಟ್ಟೆಯ ಮೇಲೆ ಬೆರಳಿಟ್ಟರು.

"ಇದು ತುಂಬಾ ಚೆನ್ನಾಗಿದೆ. ಈ ಕಾಂಪೌಂಡ್ ಗೋಡೆ ಉದ್ದಕ್ಕೂ ಹೀಗೇ ಒಂದು ಕಟ್ಟೆ ಕಟ್ಟಿ. ಡ್ರಾಯಿಂಗ್ ಏನೂ ಬೇಡ. ನಿಮ್ಮೂರಲ್ಲಿ ಹೇಗೆ ಕಟ್ಟುತ್ತೀರೋ ಥೇಟ್ ಹಾಗೇ."

ಇಷ್ಟು ಹೇಳಿ ಬೇರೆ ಊರಿನ ಕೆಲಸಕ್ಕೆ ಹದಿನೈದು ದಿನ ಹೋದರು. ನನ್ನ ಇಡೀ ವೃತ್ತಿಯಲ್ಲಿ ಯಾರೂ ನನ್ನೂರಿನ ಹಾಗೆ ಕಟ್ಟು ಎಂದಿರಲಿಲ್ಲ. ಲಾರಿಯಲ್ಲಿ ಬಂದಿದ್ದ ನಮ್ಮ ಕಡೆಯ ಪರಸಿ ಹಾಸುಗಲ್ಲುಗಳಲ್ಲಿ ಚಲೋ ಇದ್ದವನ್ನು ಆರಿಸಿದೆ. ಅಂಚುಗಳನ್ನು ಮಶಿನ್ನಿಗೆ ಕೊಡದೆ ಉಳಿಯಲ್ಲೇ ಕೆತ್ತಿದೆ, ಕಾಲಿಗೆ ತಾಗುವ ಮೂಲೆಗಳನ್ನು ಉಜ್ಜಿ ಉರುಟು ಮಾಡಿದೆ. ನಮ್ಮಪ್ಪ ನೋಡಬೇಕಿತ್ತು ಎನಿಸುವಂಥ ಕಟ್ಟೆ. ಮೂವತ್ತು ಅಡಿ ಉದ್ದ, ಗೋಡೆಗೆ ಬೆನ್ನು ಕೊಟ್ಟು, ಥೇಟ್ ನಮ್ಮೂರಿನ ಹಾಗೆ. ಅಂದರೆ ಗೋಡೆಯ ಹೊರಗೆ, ರಸ್ತೆಗೆ ಮುಖ ಮಾಡಿ.

ನನಗೂ ಅನುಮಾನ ಬರಲಿಲ್ಲ, ಉಳಿದ ಏಳು ಜನಕ್ಕೂ ಬರಲಿಲ್ಲ. ದೇವಮ್ಮನಿಗೂ ಬರಲಿಲ್ಲ, ಇದನ್ನು ಈಗ ಒತ್ತಿ ಹೇಳುತ್ತೇನೆ, ಯಾಕೆಂದರೆ ಅವಳು ತನಗೆ ಬಂದಿತ್ತು ಎನ್ನುತ್ತಾಳೆ. ಕಟ್ಟೆಯನ್ನು ಗೋಡೆಯ ಒಳಗೆ, ಯಾರಿಗೂ ಕಾಣದ ಹಾಗೆ ಕಟ್ಟಬಹುದು ಎಂಬುದೇ ನಮ್ಮ ತಲೆಗೆ ಹೊಳೆಯುವ ಮಾತಲ್ಲ. ಹಾಗೆ ಕೂತರೆ ಯಾರು ಕಾಣುತ್ತಾರೆ?

ಗೋಣಿ ಹೊದಿಸಿದ ಎರಡನೆಯ ದಿನ ಸಂಜೆ ನಾನು ನೀರಿನ ಪೈಪು ಹಿಡಿದು ಬಂದರೆ ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದಾಳೆ. ಸಾದಾ ಹತ್ತಿ ಸೀರೆ, ಬರಿಗಾಲು. ಯಾವುದೋ ಮನೆಯ ಕೆಲಸದಾಕೆ ಎಂದುಕೊಂಡು ಅಪ್ಪನ ದನಿಯಲ್ಲೇ ಕೂಗಿದೆ: "ಏ ಮುದುಕಿ, ಏಳು ಮ್ಯಾಲ, ಹಸಿ ಅದ."

ಕೂಗಿದ್ದು ಕನ್ನಡದಲ್ಲಿ. ಉತ್ತರವೂ ಕನ್ನಡದಲ್ಲೇ ಬಂತು, ತೆಲುಗಿನ ಎಳೆತ ಸೇರಿ.

"ಎಷ್ಟು ದಿನ ಆಗ್ತದಪ್ಪಾ ಒಣಗಲಿಕ್ಕ?"

"ಏಳು ದಿನ."

"ಹಂಗಾದ್ರ ಏಳು ದಿನ ಬಿಟ್ಟು ಬರ್ತೀನಿ" ಎಂದು ಎದ್ದು, ಸೀರೆ ಒದ್ದೆಯಾದದ್ದನ್ನು ಝಾಡಿಸಿಕೊಂಡು, ನೇರ ಬಂಗಲೆಯ ದೊಡ್ಡ ಗೇಟಿನೊಳಗೆ ಹೋದರು. ಕಾವಲುಗಾರ ಎದ್ದು ಸಲಾಮು ಹೊಡೆದ. ನನ್ನ ಕೈಯ ಪೈಪಿನ ನೀರು ನನ್ನ ಕಾಲ ಮೇಲೇ ಬೀಳುತ್ತಿತ್ತು. ಅವರು ಬಂಗಲೆಯ ಯಜಮಾನನ ತಾಯಿ.

ಅವರ ತವರುಮನೆ ಗುರುಮಠಕಲ್ ದಾಟಿ ತೆಲುಗು ಸೀಮೆಗೆ ಕಾಲಿಟ್ಟ ಕೂಡಲೇ ಸಿಗುವ ಒಂದು ಹಳ್ಳಿ. ಆ ಕನ್ನಡ ಅಲ್ಲಿಂದ ಬಂದದ್ದು. ನಾವೆಲ್ಲ ಅವರನ್ನು ಅಮ್ಮಾರು ಎನ್ನುತ್ತಿದ್ದೆವು. ಬಂಗಲೆ ತುಂಬ ಜನ ಇರುತ್ತಿದ್ದರು, ವಾರಕ್ಕೊಂದು ಅತಿಥಿಗಳ ದಂಡು ಬರುತ್ತಿತ್ತು. ಹೊಂಡದ ಪಕ್ಕದ ಉದ್ದ ಕುರ್ಚಿಗಳಲ್ಲಿ ಎಲ್ಲರೂ ಸಮುದ್ರಕ್ಕೆ ಮುಖ ಮಾಡಿ ಮಲಗಿರುತ್ತಿದ್ದರು, ಇಂಗ್ಲಿಷಿನಲ್ಲಿ ನಗುತ್ತಿದ್ದರು. ಅಮ್ಮಾರಿಗೂ ಒಂದು ಕುರ್ಚಿ ಇತ್ತು, ಮೆತ್ತನೆಯ ದಿಂಬಿನ ಸಮೇತ. ಅದರಲ್ಲಿ ಅವರು ಕೂತದ್ದನ್ನು ನಾನು ನೋಡಿಲ್ಲ.

ಮೇಡಂ ವಾಪಸು ಬಂದವರು ಕಾರು ಇಳಿಯುವ ಮುಂಚೆಯೇ ಕಟ್ಟೆ ನೋಡಿದರು. ಆವತ್ತು ಬೈದರು. "ಸಮುದ್ರ ಆ ಕಡೆ ಇದೆ ಸಾಯಬಣ್ಣ! ಇಲ್ಲಿ ಯಾರು ಕೂತ್ಕೋತಾರೆ? ದಾರಿಹೋಕರಾ?" ನಾನು "ಹೌದ್ರಿ" ಎಂದೆ. ಅದು ಎದುರುತ್ತರವಲ್ಲ, ನಿಜವಾಗಿಯೂ ಹೌದು ಎಂದೇ ಅಂದದ್ದು. ಅವರ ಮುಖ ಇನ್ನೂ ಕೆಂಪಾಯಿತು. ನಾಲ್ಕು ದಿನದಲ್ಲಿ ಇದನ್ನು ಕಿತ್ತು ಒಳಗೆ ಕಟ್ಟದಿದ್ದರೆ ಮುಂದಿನ ಬಂಗಲೆಗಳಿಗೆ ಬೇರೆ ಗ್ಯಾಂಗು ಎಂದರು. ಎಂಟು ಮನೆಗಳ ಒಲೆ ನನ್ನ ಒಂದು ತಪ್ಪಿಗೆ ತೂಗುಬಿತ್ತು. ಸುತ್ತಿಗೆ ತರಲು ಹೊರಟೆ.

ಅಮ್ಮಾರು ಗೇಟಿನಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಹೋಗಿ ಕಟ್ಟೆಯ ಮೇಲೆ ಕೂತರು. ಏಳು ದಿನ ತುಂಬಿತ್ತು. ಮಗ ಹೊರಗೆ ಬಂದು ಅಮ್ಮಾ, ಒಳಗೆ ಬಾ, ಸೂರ್ಯ ಮುಳುಗುವುದು ಅಲ್ಲಿಂದ ಎಷ್ಟು ಚಂದ ಕಾಣುತ್ತದೆ ಎಂದು ತೆಲುಗಿನಲ್ಲಿ ಕರೆದ. ಅಮ್ಮಾರು ತಾವು ಕೊಟ್ಟ ಉತ್ತರವನ್ನು ಆಮೇಲೆ ದೇವಮ್ಮನಿಗೆ ಕನ್ನಡದಲ್ಲಿ ಹೇಳಿ ನಕ್ಕರಂತೆ: "ಆ ಕಡಿ ನೀರು ಅದ. ನೀರಿನ ಜೋಡಿ ಎಷ್ಟಂತ ಮಾತಾಡಲಿ? ಈ ಕಡಿ ಮನುಷ್ಯಾರು ಬರ್ತಾರ."

ಕಟ್ಟೆ ಉಳಿಯಿತು. ಒಳಗೆ ಇನ್ನೊಂದು ಕಟ್ಟಿಕೊಟ್ಟೆ, ಸಮುದ್ರಕ್ಕೆ ಮುಖ ಮಾಡಿ. ನಮ್ಮ ಗ್ಯಾಂಗೂ ಉಳಿಯಿತು.

ಮುಂದೆ ಎರಡು ವರ್ಷ ಅದೇ ಗುಡ್ಡದಲ್ಲಿ ಒಂದಾದ ಮೇಲೊಂದು ಕೆಲಸ. ಹೋಗುವಾಗ ಬರುವಾಗ ಆ ಹೊರಗಿನ ಕಟ್ಟೆಯನ್ನು ನೋಡುತ್ತಿದ್ದೆ. ಒಬ್ಬೊಬ್ಬರೇ ಬಂದು ಸೇರಿದರು. ಬುಟ್ಟಿ ಇಳಿಸಿ ಸೊಂಟ ನೇರ ಮಾಡಿಕೊಳ್ಳುವ ಮೀನಿನಾಕೆ, ಮನೆಗೆಲಸ ಮುಗಿಸಿ ಬಸ್ಸಿಗೆ ಕಾಯುವ ಹೆಣ್ಣುಮಕ್ಕಳು, ಡ್ರೈವರುಗಳು, ಮಾಲಿಗಳು. ಮಧ್ಯದಲ್ಲಿ ಅಮ್ಮಾರು. ಒಬ್ಬರ ಭಾಷೆ ಒಬ್ಬರಿಗೆ ಪೂರ್ತಿ ಬರುತ್ತಿರಲಿಲ್ಲ, ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ನನ್ನ ತಪ್ಪನ್ನು ನೋಡಿ ಖುಷಿಪಡುವ ಭಾಗ್ಯ ಎಷ್ಟು ಗೌಂಡಿಗಳಿಗೆ ಸಿಕ್ಕೀತು ಎಂದುಕೊಳ್ಳುತ್ತಿದ್ದೆ.

ಹಾಗೆಂದುಕೊಂಡಿರುವಾಗಲೇ ಕಾಲನಿಯ ಕಮಿಟಿಯವರ ಕಾಗದ ಬಂತು. ರಸ್ತೆಬದಿಯ ಗೋಡೆಗೆ ಹೊರಗಿನವರು ಕೂಡುವ ಆಸನ ಇರಬಾರದು, ಕೆಲಸದವರು ಗುಂಪು ಸೇರುವುದರಿಂದ ಕಾಲನಿಯ ಅಂದ ಕೆಡುತ್ತದೆ, ತೆಗೆಸಬೇಕು. ಯಜಮಾನರು ನನ್ನನ್ನೇ ಕರೆಸಿದರು. ಕಟ್ಟಿದವನಿಗೆ ಕೀಳುವುದು ಸುಲಭ ಎಂದರು. ಅವರು ಕೆಟ್ಟವರಲ್ಲ, ನೆರೆಹೊರೆಯವರ ಮಾತಿಗೆ ಹೆದರುವ ಮನುಷ್ಯ.

ಮರುದಿನ ಬೆಳಿಗ್ಗೆ ಸುತ್ತಿಗೆ, ಕಲ್ಲು ಮೀಟುವ ಸಬ್ಬಲ್ ಹಿಡಿದು ಹೋದೆ. ಅಮ್ಮಾರು ಮತ್ತು ಮೀನಿನಾಕೆ ಕೂತಿದ್ದರು. ನನ್ನ ಕೈಯಲ್ಲಿದ್ದದ್ದನ್ನು ನೋಡಿ ಮೀನಿನಾಕೆ ಎದ್ದು ಬುಟ್ಟಿ ಎತ್ತಿಕೊಂಡಳು. ಅಮ್ಮಾರು ಏಳಲಿಲ್ಲ.

"ಅಮ್ಮಾರ, ಏಳಬೇಕಾಗ್ತದ್ರಿ."

"ಅವತ್ತು ಹಸಿ ಅದ ಅಂತ ಎಬ್ಬಿಸಿದಿ. ಈಗ ಒಣಗೇದಲ್ಲೋ ಸಾಯಬಣ್ಣ. ಈಗ ಯಾಕ ಎಬ್ಬಸ್ತಿ?"

ನಾಚಿಕೆಯಾಯಿತು. ನಮ್ಮಪ್ಪ ಕೊಡ ಹಿಡಿದು ನಿಂತದ್ದು ಕಣ್ಣಿಗೆ ಕಟ್ಟಿತು. ಏಳು ದಿನ ನಮ್ಮದು, ಆಮೇಲೆ ಅವರದು. ಆ ಮಾತು ಗಾರೆಯದಲ್ಲ ಎಂದು ನನಗೆ ತಿಳಿದದ್ದು ಆ ಗುಡ್ಡದ ರಸ್ತೆಯಲ್ಲಿ, ಕೈಯಲ್ಲಿ ಸಬ್ಬಲ್ ಹಿಡಿದು ನಿಂತಾಗ. ಅಪ್ಪ ತಾನು ಕೂಡಲಾಗದ ಕಟ್ಟೆಗಳನ್ನು ಕಟ್ಟಿದ. ಅಪ್ಪನಂಥ ನಾಲ್ಕು ಜನ ಕೂಡುವ ಕಟ್ಟೆ ಒಂದನ್ನು ನಾನು ಅರಿಯದೆ ಕಟ್ಟಿದ್ದೆ. ಈಗ ಕಮಿಟಿಯವರು ನನ್ನ ಕೈಯಿಂದಲೇ ಅವರನ್ನು ಎಬ್ಬಿಸಲು ಹೊರಟಿದ್ದರು.

ಸುತ್ತಿಗೆ ಅಲ್ಲೇ ಬಿಟ್ಟು ಮೇಲಿನ ಸೈಟಿಗೆ ಹೋಗಿ ಮೇಡಂಗೆ ಹೇಳಿದೆ. ಈ ಕಟ್ಟೆಗಾಗಿ ನನ್ನನ್ನು ಬೈದವರು ಅವರೇ. ಸಹಾಯ ಕೇಳುವ ಧೈರ್ಯ ಹೇಗೆ ಬಂತೋ ಗೊತ್ತಿಲ್ಲ. ಅವರು ಕಾಗದ ತರಿಸಿ ಎರಡು ಸಲ ಓದಿದರು. ಕಾಲನಿಯ ನಿಯಮಗಳ ಪುಸ್ತಕ ತೆಗೆದು ಅದನ್ನೂ ಓದಿದರು. ಆಮೇಲೆ ಪೆನ್ಸಿಲ್ ತೆಗೆದುಕೊಂಡರು.

"ಆಸನ ಇರಬಾರದು ಅಂತ ಇದೆ. ಹೂವಿನ ಗಿಡದ ಪಾತಿ ಇರಬಹುದು ಅಂತಾನೂ ಇದೆ. ಕಟ್ಟೆ ಅಗಲ ಎಷ್ಟು?"

"ಎರಡಡಿ ಮ್ಯಾಗ ಒಂದು ಗೇಣರಿ."

"ಹಿಂದೆ ಒಂದು ಗೇಣು ಮಣ್ಣು ತುಂಬಿ. ಮುಂದಿನ ಕಲ್ಲು ಪಾತಿಯ ಅಂಚು. ಅಂಚು ಎಷ್ಟು ಅಗಲ ಇರಬೇಕು ಅಂತ ಪುಸ್ತಕದಲ್ಲಿ ಎಲ್ಲೂ ಬರೆದಿಲ್ಲ."

ನಾನು ಅವರ ಮುಖ ನೋಡಿದೆ. ಅವರು ನಗದೆ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡರು. ಅವತ್ತಿನಿಂದ ಆ ಹೆಣ್ಣುಮಗಳ ಮೇಲೆ ನನಗೆ ಬಂದ ಗೌರವ ಇವತ್ತಿಗೂ ಇಳಿದಿಲ್ಲ.

ಮೂರು ದಿನದ ಕೆಲಸ. ಗೋಡೆಯ ಬದಿಯ ಪರಸಿಯನ್ನು ಒಂದು ಗೇಣಿನಷ್ಟು ಕತ್ತರಿಸಿ ತೆಗೆದು, ಗೋಡೆಗೆ ನೀರಿಳಿಯದಂತೆ ಲೇಪ ಹಚ್ಚಿ, ಬುಡದಲ್ಲಿ ನೀರು ಹೋಗಲು ತೂತು ಬಿಟ್ಟು, ಮಣ್ಣು ತುಂಬಿದೆ. ದಾಸವಾಳ ನೆಟ್ಟರು. ಕಮಿಟಿಯ ಮೂವರು ಬಂದು ನೋಡಿದರು. ಪಾತಿ ಚಂದ ಬಂದಿದೆ ಎಂದರು. ಅವರಲ್ಲಿ ಒಬ್ಬರು ಬೆಳಗಿನ ಓಟಕ್ಕೆ ಹೊರಟಿದ್ದವರು. ಬೂಟಿನ ಲೇಸು ಬಿಚ್ಚಿತ್ತು. ಪಾತಿಯ ಅಂಚಿನ ಮೇಲೆ ಆರಾಮಾಗಿ ಕೂತು ಕಟ್ಟಿಕೊಂಡು ಹೋದರು. ನಾನೂ ದೇವಮ್ಮನೂ ಮುಖ ತಿರುಗಿಸಿ ನಿಂತೆವು.

ಈ ನಡುವೆ ಕಸುಬು ಬದಲಾದದ್ದನ್ನೂ ಹೇಳಬೇಕು. ಮಟ್ಟ ನೋಡಲು ನಾವು ನೀರು ತುಂಬಿದ ಪೈಪು ಹಿಡಿಯುತ್ತಿದ್ದೆವು. ಈಗ ಒಂದು ಲೇಸರ್ ಡಬ್ಬಿ ಇಟ್ಟರೆ ನಾಲ್ಕೂ ಗೋಡೆಗೆ ಕೆಂಪು ಗೆರೆ ಬೀಳುತ್ತದೆ. ಗಾರೆಯ ಬದಲು ಚೀಲದಲ್ಲಿ ಅಂಟು ಬರುತ್ತದೆ, ಒಂದೇ ದಿನಕ್ಕೆ ಕಲ್ಲು ಹಿಡಿಯುತ್ತದೆ ಎನ್ನುತ್ತಾರೆ. ಡ್ರಾಯಿಂಗು ಫೋನಿನಲ್ಲಿ ಬರುತ್ತದೆ, ನೀವು ಓದಬಲ್ಲಿರಿ, ನಾನು ಓದಲಾರದೆ ಪಟ್ಟ ಪಾಡು ನಿಮಗಿಲ್ಲ. ಹೊಸದನ್ನೆಲ್ಲ ಕಲಿಯಿರಿ. ಕೆಂಪು ಗೆರೆಯ ಡಬ್ಬಿ ಬಂದಾಗ ನಾನು ಎರಡು ತಿಂಗಳು ಮುನಿಸಿಕೊಂಡು ಪೈಪು ಬಿಡಲಿಲ್ಲ; ದಡ್ಡತನ. ಡಬ್ಬಿ ಹೇಳಿದ್ದೇ ಸರಿ ಇರುತ್ತಿತ್ತು. ಒಂದನ್ನು ಮಾತ್ರ ಆ ಡಬ್ಬಿ ಹೇಳುವುದಿಲ್ಲ, ಕಟ್ಟುವುದನ್ನು ಯಾವ ಕಡೆಗೆ ಮುಖ ಮಾಡಿ ಕಟ್ಟಬೇಕೆಂದು. ಅದನ್ನು ಕೇಳಿ ತಿಳಿದುಕೊಳ್ಳಿ. ಕೂಡುವವರನ್ನೂ ಕೇಳಿ.

ಇಷ್ಟು ಉಪದೇಶ ಮಾಡುವವನು ತಾನೇನು ಮಾಡಿದ ಎಂದು ಕೇಳುವಿರಿ. ಅದನ್ನೂ ಹೇಳಿಬಿಡುತ್ತೇನೆ.

ಮೊಣಕಾಲು ಕೈಕೊಟ್ಟ ಮೇಲೆ ಶಹಾಪುರಕ್ಕೆ ಮರಳಿ, ಗುಡ್ಡ ಕಾಣುವ ಹೊಸ ಬಡಾವಣೆಯಲ್ಲಿ ನಮ್ಮದೇ ಮನೆ ಕಟ್ಟಿದೆ. ಗೋವಾದಲ್ಲಿ ಕಲಿತದ್ದನ್ನೆಲ್ಲ ಸುರಿದೆ. ಎದೆಯೆತ್ತರದ ಕಾಂಪೌಂಡು, ಕಬ್ಬಿಣದ ಗೇಟು, ಒಳಗೆ ಪರಸಿ ಹಾಸಿದ ಅಂಗಳ, ಗೋಡೆಗೆ ಬೆನ್ನು ಕೊಟ್ಟು ಕಲ್ಲಿನ ಆಸನ. ಕೂತರೆ ಎದುರಿಗೆ ಬುದ್ಧ ಮಲಗಿದಂತೆ ಕಾಣುವ ಗುಡ್ಡ, ತಲೆಯಿಂದ ಪಾದದ ತನಕ. ಸಂಜೆ ಚಹಾದ ಲೋಟ ಹಿಡಿದು ಅಲ್ಲಿ ಕೂತಾಗ ನಾನೂ ಒಬ್ಬ ಬಂಗಲೆಯ ಯಜಮಾನ ಎನಿಸುತ್ತಿತ್ತು. ಎಂಟು ದಿನ ಹಾಗೆನಿಸಿತು. ಆಮೇಲೆ ಲೋಟ ಒಂದೇ ಯಾಕಿದೆ ಎಂದು ಯೋಚನೆ ಬಂತು.

ದೇವಮ್ಮ ಎದುರು ಮನೆಯ ಕಟ್ಟೆಯ ಮೇಲಿರುತ್ತಿದ್ದಳು. ಅದು ಕಿರಾಣಿ ಅಂಗಡಿಯವರ ಮನೆ; ಆ ಮನೆಯ ಶರಣಮ್ಮ ಮೊದಲ ದಿನವೇ ಅವಳನ್ನು ಕರೆದು ಪಕ್ಕದಲ್ಲಿ ಕೂಡಿಸಿಕೊಂಡಿದ್ದರು. ನಮ್ಮಪ್ಪನ ಕಾಲದಲ್ಲಿ ಆಗದ ಮಾತು. ನನಗೆ ಸಂತೋಷವಾಯಿತು. ಆದರೆ ಒಂದು ಪ್ರಶ್ನೆಯೂ ಹುಟ್ಟಿತು. ವರ್ಷ ಕಳೆದರೂ ಶರಣಮ್ಮ ನಮ್ಮ ಮನೆಗೆ ಬಂದು ಒಂದು ಗಳಿಗೆ ಕೂತಿರಲಿಲ್ಲ. ಗೇಟಿನ ತನಕ ಬಂದು ಮಾತಾಡಿಸಿ ಹೋಗುತ್ತಿದ್ದರು. ಬಡಾವಣೆಯ ಬೇರೆಯವರೂ ಹಾಗೆಯೇ. ಇದು ಆ ಗೇಟಿನ ಕಾರಣಕ್ಕೋ, ಹಳೆಯ ಕಾರಣಕ್ಕೋ? ಕರೆದು ಕೂಡಿಸಿಕೊಳ್ಳುವುದು ಬೇರೆ, ಬಂದು ಕೂಡುವುದು ಬೇರೆ. ಈ ಪ್ರಶ್ನೆ ನನ್ನನ್ನು ಕೊರೆಯಿತು. ಬಾಯಿಬಿಟ್ಟು ಯಾರನ್ನು ಕೇಳುವುದು?

ಒಂದು ಸಂಜೆ ದೇವಮ್ಮನಿಗೆ ಹೇಳಿದೆ, "ಇಷ್ಟು ಚಂದ ಜಾಗ ಮಾಡೀನಿ, ಒಂದಿನ ಕುಂತಿಲ್ಲ ನೀ. ಗುಡ್ಡ ನೋಡು, ಹ್ಯಾಂಗ ಕಾಣ್ತದ."

"ಬುದ್ಧಪ್ಪ ಮಲಗ್ಯಾನ. ಮಲಗಿದಾತನ ಜೋಡಿ ಏನು ಮಾತಾಡಲಿ?" ಎಂದಳು. ಎದುರು ಮನೆಗೆ ಹೊರಟವಳು ತಿರುಗಿ, "ಅಮ್ಮಾರು ಹೇಳಿದ್ದು ಮರತ್ರೇನು? ಊರ ಮಂದಿಗೆಲ್ಲ ಹೊರಗ ಕಟ್ಟಿ ಕೊಟ್ರಿ. ನನ್ನ ಮನಿಗಿ ಒಂದು ಕಟ್ಟಲಿಲ್ಲ" ಎಂದಳು.

ಮೂವತ್ತು ವರ್ಷ ನನ್ನ ಜೊತೆ ಕಲ್ಲು ಹೊತ್ತವಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ನನಗೆ ನಾಟಿತು.

ಈ ಬೇಸಿಗೆಯಲ್ಲಿ ಕಟ್ಟಿದೆ. ಮೊಣಕಾಲಿಗೆ ಬಟ್ಟೆ ಬಿಗಿದುಕೊಂಡು, ದಿನಕ್ಕೆ ಎರಡು ಕಲ್ಲಿನಂತೆ. ದೇವಮ್ಮನೇ ಗಾರೆ ಕಲಸಿದಳು. ಚೀಲದ ಅಂಟು ಬೇಡ ಎಂದೆ. ಇದೊಂದು ಕೆಲಸ ಅಪ್ಪನ ಪದ್ಧತಿಯಲ್ಲಿ ಇರಲಿ ಎನಿಸಿತು. ಗೇಟಿನ ಎರಡೂ ಬದಿಗೆ, ಗೋಡೆಗೆ ಬೆನ್ನು, ಓಣಿಗೆ ಮುಖ. ಮುಗಿದ ದಿನ ಗೋಣಿ ಹೊದಿಸಿ ನೀರು ಹಾಕಿದೆ. ಏಳು ದಿನ ಯಾರನ್ನೂ ಏನೂ ಕೇಳಬೇಕಾಗಿಲ್ಲ, ಯಾರು ಬಂದು ಕೂಡುತ್ತಾರೆಂಬುದು ಎಂಟನೆಯ ದಿನ ಗೊತ್ತಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಮೂರನೆಯ ದಿನ ಸಂಜೆ ಕೊಡ ತುಂಬಿಕೊಂಡು ಗೇಟು ತೆರೆದೆ. ಬಲಗಡೆಯ ಕಟ್ಟೆಯ ಮೇಲೆ, ಒದ್ದೆ ಗೋಣಿಯ ಮೇಲೆಯೇ, ಶರಣಮ್ಮ ಕೂತಿದ್ದರು. ತೊಡೆಯ ಮೇಲೆ ಮೊರ, ಮೊರದಲ್ಲಿ ಜೋಳ. ಪಕ್ಕದಲ್ಲಿ ದೇವಮ್ಮ. ಏಳು ದಿನದ ನಿಯಮ ನನಗಿಂತ ಚೆನ್ನಾಗಿ ಬಲ್ಲ ದೇವಮ್ಮ. ಇಬ್ಬರೂ ಕಲ್ಲು ಆರಿಸುತ್ತ ಯಾರದೋ ಮದುವೆಯ ಮಾತಿನಲ್ಲಿದ್ದರು.

ಬಾಯಿ ತನ್ನಷ್ಟಕ್ಕೆ ತೆರೆಯಿತು. ಜೀವಮಾನವೆಲ್ಲ ಹೇಳಿದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ.

"ಸೀರಿ ತೊಯ್ತದ್ರಿ ಅಕ್ಕಾರ" ಎಂದಷ್ಟೇ ಅಂದೆ.

"ತೊಯ್ಲಿ ಬಿಡ್ರಿ ಸಾಯಬಣ್ಣ. ಬ್ಯಾಸಗಿ ಅದ, ತಂಪನಸ್ತದ" ಎಂದರು ಶರಣಮ್ಮ, ಮೊರದಿಂದ ತಲೆ ಎತ್ತದೆ.

ನಾನು ಕೊಡ ಹಿಡಿದು ನಿಂತೇ ಇದ್ದೆ. ದೇವಮ್ಮ ನನ್ನ ಕಡೆ ನೋಡಿದಳು.

"ನಿಂತು ಏನ್ ನೋಡ್ತೀರಿ? ಸುತ್ತ ನೀರು ಹಾಕ್ರಿ. ನಾವು ಏಳಂಗಿಲ್ಲ."

ಕೊಡ ಬಗ್ಗಿಸಿ, ಇಬ್ಬರನ್ನೂ ಬಿಟ್ಟು, ಸುತ್ತಲೂ ನೀರು ಹಾಕಿದೆ.